ನಾಲ್ಕು ಮಂದಿ ಹೇಳುವ ಮಾತು

"ಏ, ನಿಂದ್ರಸು, ನಿಂದ್ರಸು! ಮೂರು ಮಂದಿ ಆದ್ವಲ್ಲೋ!"

ತಾಯಪ್ಪ ಕೂಗಿದ ರಭಸಕ್ಕೆ ಆಟೋ ಸನತ್‌ನಗರದ ಕಾರ್ಖಾನೆಗಳ ಸಾಲಿನ ಎದುರು ಗಕ್ಕನೆ ನಿಂತಿತು. ಹಿಂದಿನ ಸೀಟಿನಲ್ಲಿ ಅವ್ವ ಗದಿಗೆಮ್ಮ ಮತ್ತು ಸೋದರಮಾವ ತಾಯಪ್ಪನ ನಡುವೆ, ಇಸ್ತ್ರಿ ಮಾಡಿದ ಚೂಡಿದಾರ ಮುದುಡಬಾರದೆಂದು ಉಸಿರು ಹಿಡಿದು ಕೂತಿದ್ದ ಶೈಲಾ ಕಣ್ಣು ಮುಚ್ಚಿಕೊಂಡಳು. ಅವಳ ಅಪ್ಪ ಬೂದೆಪ್ಪ ಮುಂದೆ ಡ್ರೈವರನ ಸೀಟಿನಲ್ಲೇ ಅರ್ಧ ಪಾಲು ಪಡೆದು, ಒಂದು ಕಾಲು ಹೊರಗೆ ಇಳಿಬಿಟ್ಟುಕೊಂಡಿದ್ದ. ಅವನು ಹಿಂತಿರುಗಿ ನೋಡಿದ.

"ಎಣಸು ಭಾವ. ನೀ, ನಾ, ಅಕ್ಕ. ಮೂರು. ಮೂರು ಮಂದಿ ಹೋದ ಕೆಲಸ ಎಂದಾರ ಆಗೈತೇನು?"

"ನಾನೂ ಅದೀನಲ್ಲ ಮಾವ. ನಾಲ್ಕು ಆತು," ಎಂದಳು ಶೈಲಾ.

"ನೀ ಲೆಕ್ಕಕ್ಕ ಬರಂಗಿಲ್ಲವ್ವ. ಲಗ್ನದ ಮಾತುಕತಿಗೆ ಹೋದಾಗ ಹೆಣ್ಣನ್ನೂ ಹಿರ್ಯಾರಾಗ ಎಣಸ್ತಾರೇನು?"

ಮದುವೆಯ ಮಾತುಕತೆಗೆ ಹೋಗುತ್ತಿಲ್ಲ, ಹೈಟೆಕ್ ಸಿಟಿಯ ಕಂಪನಿಗೆ ಇಂಟರ್‌ವ್ಯೂಗೆ ಹೋಗುತ್ತಿದ್ದೇವೆ ಎಂದು ಶೈಲಾ ಹಿಂದಿನ ದಿನದಿಂದ ಹೇಳುತ್ತಲೇ ಇದ್ದಳು. ಹೇಳಿ ಪ್ರಯೋಜನವಿರಲಿಲ್ಲ. ತಾಯಪ್ಪ ಮದುವೆಗೆಂದು ಇಟ್ಟುಕೊಂಡಿದ್ದ ರುಮಾಲು ಸುತ್ತಿ ಬಂದಿದ್ದ. ಬೂದೆಪ್ಪ ಗಡ್ಡ ಕೆರೆಸಿಕೊಂಡು, ಕೊರಳಿನವರೆಗೂ ಅಂಗಿಯ ಗುಂಡಿ ಹಾಕಿಕೊಂಡಿದ್ದ. ಗದಿಗೆಮ್ಮನಂತೂ ಇಳಕಲ್ ಸೀರೆ ಉಟ್ಟು, ಮಡಿಲಲ್ಲಿ ರೊಟ್ಟಿಯ ಗಂಟು ಇಟ್ಟುಕೊಂಡು, ದೇವರ ಕಾರ್ಯಕ್ಕೆ ಹೊರಟವಳ ಹಾಗೆ ಗಂಭೀರಳಾಗಿದ್ದಳು.

"ಅಮ್ಮಾ, ಟೈಮ್ ಅಯಿಪೋತುಂದಿ," ಹೊತ್ತಾಯಿತು ಎಂದು ಡ್ರೈವರ್ ತೆಲುಗಿನಲ್ಲಿ ಗೊಣಗಿದ. ಅಷ್ಟೇ ಸಾಕಾಯಿತು. ಮೂರೂ ಮಂದಿಯ ಕಣ್ಣು ಒಟ್ಟಿಗೆ ಅವನ ಮೇಲೆ ಬಿತ್ತು.

"ತಮ್ಮಾ, ನಿನ್ನ ಹೆಸರೇನಪ?" ಎಂದ ತಾಯಪ್ಪ.

"ಹನುಮಂತ."

"ನೋಡ್ರಿ ಮತ್ತ!" ತಾಯಪ್ಪ ತೊಡೆ ತಟ್ಟಿಕೊಂಡ. "ರಾಮನ ಪರವಾಗಿ ಮಾತಾಡಾಕ ಲಂಕಾಕ್ಕ ಹೋದಾವ ಯಾರು? ನಾಲ್ಕನೇದಾವ ಸಿಕ್ಕ. ನಡಿಯಪ, ನೀನೂ ನಮ್ಮ ಕೂಡ ಒಳಗ ಬರಬೇಕು."

ಹನುಮಂತ ಮಕ್ತಲ್ ಕಡೆಯವನು. ಅವನ ಅಜ್ಜಿ ಕನ್ನಡದಲ್ಲೇ ಬೈಯುತ್ತಿದ್ದಳಂತೆ. ಹಾಗಾಗಿ ಅವನಿಗೆ ಕನ್ನಡ ತಿಳಿಯುತ್ತಿತ್ತು, ಆಡಲು ಬರುತ್ತಿರಲಿಲ್ಲ. ನಾನು ಬಂದು ಏನು ಹೇಳಲಿ, ಈ ಹುಡುಗಿ ಯಾರೆಂದೇ ನನಗೆ ಗೊತ್ತಿಲ್ಲವಲ್ಲ ಎಂದು ಅವನು ತೆಲುಗಿನಲ್ಲಿ ಕೇಳಿದ್ದಕ್ಕೆ, "ಇನ್ನೂ ದಾರಿ ಐತಿ, ಅಲ್ಲಿಗೆ ಹೋಗೂದ್ರಾಗ ಗೊತ್ತಾಕ್ಕಾಳ," ಎಂದಳು ಗದಿಗೆಮ್ಮ. ಆಟೋ ಹೊರಟಿತು.

ಇದೆಲ್ಲ ಶುರುವಾದದ್ದು ಒಂದು ಪ್ರಶ್ನೆಯಿಂದ. ಕುಷ್ಟಗಿ ಕಡೆಯಿಂದ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆಂದು ಹೈದರಾಬಾದಿಗೆ ಬಂದು ನೆಲೆನಿಂತ ಬೂದೆಪ್ಪನ ಮಗಳು ಶೈಲಾ, ಹಗಲು ಬಕೆಟ್ ಕಾರ್ಖಾನೆಯಲ್ಲಿ ಲೇಬಲ್ ಅಂಟಿಸಿ, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದ್ದಳು. ಆಗ ಊರಿಗೆ ಊರೇ ಅಮೀರ್‌ಪೇಟೆಯ ಕಡೆಗೆ ಓಡುತ್ತಿತ್ತು. ಅಲ್ಲಿನ ಗಲ್ಲಿಗಳಲ್ಲಿ ಒಣಹಾಕಿದ ಬಟ್ಟೆಗಿಂತ ಕಂಪ್ಯೂಟರ್ ಕೋರ್ಸಿನ ಬೋರ್ಡುಗಳೇ ಹೆಚ್ಚು. ಆ ಬೋರ್ಡುಗಳ ಕೆಳಗೆ ಒಂದು ಚಿಕ್ಕ ಕೋಣೆಯಲ್ಲಿ ವತ್ಸಲಾ ಮೇಡಂ ಇಂಗ್ಲಿಷ್ ಕಲಿಸುತ್ತಿದ್ದರು. ಕಾಚಿಗೂಡದ ಹಳೆಯ ಕನ್ನಡ ಮನೆತನದವರು, ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು.

ಮೇಡಂ ಒಂದೊಂದೇ ಪದ ಕಲಿಸುತ್ತಿರಲಿಲ್ಲ, ಒಂದು ಬಳಗವನ್ನೇ ಎಳೆದು ತರುತ್ತಿದ್ದರು. "ಇವತ್ತು ಸೊಸೈಟಿ ಬಳಗ," ಎಂದು ಶುರುಮಾಡಿದ್ದರು ಒಂದು ದಿನ. "ಸೊಸೈಟಿ ಅಂದ್ರ ಸಮಾಜ. ಸೋಶಿಯಲ್ ಅಂದ್ರ ಸಮಾಜಕ್ಕ ಸಂಬಂಧಪಟ್ಟದ್ದು. ಸೋಶಿಯಬಲ್ ಅಂದ್ರ ಮಂದಿ ಜೋಡಿ ಬೆರೀಲಿಕ್ಕೆ ಇಷ್ಟಪಡೋರು. ಎರಡೂ ಒಂದೇ ಅಂತ ತಿಳೀಬ್ಯಾಡ್ರಿ. ನಮ್ಮ ಓಣ್ಯಾಗ ಒಬ್ಬಾಕಿ ಇದ್ದಾಳ, ದೊಡ್ಡ ಸೋಶಿಯಲ್ ವರ್ಕರ್. ಮನೀಗೆ ಹೋದ್ರ ಒಂದು ಕಪ್ ಚಹಾ ಕೇಳೋದಿಲ್ಲ. ಆಕಿ ಸೋಶಿಯಲ್ ಹೌದು, ಸೋಶಿಯಬಲ್ ಅಲ್ಲ. ಇನ್ನ ಗ್ರಿಗೇರಿಯಸ್ ಅಂತ ಒಂದದ, ಗುಂಪಿನಾಗ ಇರೋರು. ಅದನ್ನ ಕುರಿಗಳಿಗೂ ಹೇಳ್ತಾರ. ಇಂಟರ್‌ವ್ಯೂದಾಗ ಬ್ಯಾಡ." ಕ್ಲಾಸು ಬಿದ್ದು ಬಿದ್ದು ನಕ್ಕಿತ್ತು. ಯಾವ ಪದ ಯಾವ ಮನುಷ್ಯನಿಗೆ ಒಪ್ಪುತ್ತದೆಂದು ಶೈಲಾ ಎಲ್ಲರಿಗಿಂತ ಮೊದಲು ಹೇಳುತ್ತಿದ್ದಳು. ಓಣಿಯ ಪ್ರತಿಯೊಬ್ಬರಿಗೂ ಅವಳು ಒಂದೊಂದು ಪದ ಹಂಚಿಬಿಟ್ಟಿದ್ದಳು.

ಆದರೆ "ನಿನ್ನ ಬಗ್ಗೆ ಹೇಳು" ಎಂದ ಕೂಡಲೇ ಅವಳ ಬಾಯಿಗೆ ಬೀಗ ಬೀಳುತ್ತಿತ್ತು.

"ನನ್ನ ಬೆನ್ನು ನಾನ ತಟ್ಟಿಕೊಳ್ಳಾಕ ನಾಚಿಕಿ ಬರ್ತೈತ್ರಿ ಮೇಡಂ."

"ಕಂಪನಿಯವರ ಪದ್ಧತಿ ಹಂಗ ಅದವಾ. ಅಲ್ಲಿ ಬೆನ್ನು ತಟ್ಟಲಿಕ್ಕೆ ಬ್ಯಾರೆಯವರು ಬರೂದಿಲ್ಲ," ಎಂದಿದ್ದರು ಮೇಡಂ.

ಹಾಗೆಯೇ ಆಯಿತು. ಕಂಪನಿಯ ಮೊದಲ ಇಂಟರ್‌ವ್ಯೂದಲ್ಲಿ ದೀಪ್ತಿ ಎಂಬ ಎಚ್.ಆರ್. ಮೇಡಂ ಎಲ್ಲ ಕೇಳಿ, ಕೊನೆಗೆ, "ನೀವು ಸೋಶಿಯಬಲ್ ವ್ಯಕ್ತಿಯೇ? ಒಂದು ಉದಾಹರಣೆ ಕೊಡಿ," ಎಂದರು. ದಿನವಿಡೀ ಫೋನಿನಲ್ಲಿ ಅಪರಿಚಿತರ ಜೊತೆ ಮಾತಾಡುವ ಕೆಲಸ. ಆ ಪ್ರಶ್ನೆ ಕೇಳದೆ ಬಿಡುವಂತಿರಲಿಲ್ಲ. ಶೈಲಾ ತನ್ನ ಉಗುರು ನೋಡಿಕೊಂಡಳು. ಹೌದು ಎಂದರೆ ಜಂಬವಾಯಿತು, ಇಲ್ಲ ಎಂದರೆ ಸುಳ್ಳಾಯಿತು. ಇನ್ನೊಂದೇ ಅವಕಾಶವಿದೆ, ಅದೂ ಹೋದರೆ ಮತ್ತೆ ಕರೆಯುವುದಿಲ್ಲ ಎಂದು ಹೇಳಿ ಕಳಿಸಿದರು. ಮತ್ತೆ ಬಕೆಟ್, ಮತ್ತೆ ಅಂಟು. ಅಂಟಿನ ವಾಸನೆ ಅನ್ನದಲ್ಲೂ ಬರುತ್ತದೆಂದು ಶೈಲಾ ಅವತ್ತು ಅವ್ವನ ಮುಂದೆ ಅತ್ತಳು.

ಅಳುವಿನ ಕಾರಣ ಕೇಳಿ ತಾಯಪ್ಪ ದಂಗಾದ. "ಕೂಸಿನ ಗುಣ ಕೂಸನ್ನ ಕೇಳ್ತಾರೇನು? ಅದು ಹೆಂಗ ಹೇಳ್ತೈತಿ? ತನ್ನ ಬೆನ್ನು ತನಗ ಕಾಣತೈತೇನು? ಅವರದೇನೂ ತಪ್ಪಿಲ್ಲ ಭಾವ. ತಪ್ಪು ನಮ್ದು. ಒಂದು ಹೆಣ್ಣುಮಗಳನ್ನ ಮಾತುಕತಿಗೆ ಒಬ್ಬಾಕಿನ್ನ ಕಳಿಸಿದ್ವಲ್ಲ. ನಾಲ್ಕು ಮಂದಿ ಹೋಗಿ ಹೇಳಬೇಕಾಗಿತ್ತು."

ಬೂದೆಪ್ಪನಿಗೆ ಇದು ನೂರಕ್ಕೆ ನೂರು ಸರಿ ಎನಿಸಿತು. ಹಾಗೆ ಹೊರಟಿತ್ತು ಈ ದಿಬ್ಬಣ.

ದಾರಿಯಲ್ಲಿ ಶೈಲಾ ಎದೆಬಡಿತ ಮರೆಯಲೆಂದು ಹನುಮಂತನನ್ನು ಮಾತಿಗೆಳೆದಳು. ಮೂಸಾಪೇಟೆ ದಾಟುವಷ್ಟರಲ್ಲಿ ಅವನಿಗೆ ಇಬ್ಬರು ಹೆಣ್ಣುಮಕ್ಕಳೆಂದೂ, ಚಿಕ್ಕದು ಊಟ ಮಾಡಲು ಹಟ ಮಾಡುತ್ತದೆಂದೂ ಅವಳಿಗೆ ತಿಳಿದಿತ್ತು. ಕೂಕಟ್‌ಪಲ್ಲಿಯ ಸಿಗ್ನಲ್ಲಿನಲ್ಲಿ ಆ ಮಗುವಿಗೆ ಮೊಸರನ್ನದಲ್ಲಿ ಬೆಲ್ಲ ಕಲಸಿ ಕೊಟ್ಟು ನೋಡು ಅಣ್ಣಾ ಎಂದು ತೆಲುಗಿನಲ್ಲೇ ಸಲಹೆಯನ್ನೂ ಕೊಟ್ಟಳು.

ಕಂಪನಿಯ ಗೇಟಿನಲ್ಲಿ ಅಂದುಕೊಂಡದ್ದೇ ಆಯಿತು. "ಕಿಧರ್ ಜಾರೇ ಚಾಚಾ? ಖಾಲಿ ಲಡ್ಕೀ ಜಾತೀ," ಎಂದು ಸೆಕ್ಯೂರಿಟಿಯವನು ಕೈ ಅಡ್ಡ ಹಿಡಿದ. ಹುಡುಗಿ ಮಾತ್ರ ಒಳಗೆ, ಉಳಿದವರು ಹೊರಗೆ. ತಾಯಪ್ಪ ರುಮಾಲು ಸರಿಮಾಡಿಕೊಂಡು ಹಿಂದಿಯಲ್ಲಿ ವಾದ ಹೂಡಿದ. ಬೂದೆಪ್ಪ ಕನ್ನಡದಲ್ಲಿ ಕೈಮುಗಿದ. ಶೈಲಾಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತ್ತು. ಆದರೂ ಒಳಗೊಳಗೆ, ಸದ್ಯ ಇಲ್ಲಿಗೆ ಮುಗಿಯಿತಲ್ಲ ಎಂಬ ಸಮಾಧಾನವೂ ಆಯಿತು. ಅವಳು ಅಪ್ಪನ ಕಾಲು ಮುಟ್ಟಿ ನಮಸ್ಕರಿಸಿ ಓಡಿದಳು.

ಮೂರನೆಯ ಮಹಡಿಯ ತಣ್ಣನೆಯ ಕೋಣೆಯಲ್ಲಿ ದೀಪ್ತಿ ಮೇಡಂ ಇದ್ದರು. ಪಕ್ಕದಲ್ಲಿ ವೆಂಕಟೇಶ್ ಎಂಬ ಮ್ಯಾನೇಜರ್. ನಡುವಯಸ್ಸಿನ ತೆಲುಗಿನವರು, ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ, ಹಣೆಯಲ್ಲಿ ಬೆಳಗಿನ ಪೂಜೆಯ ಕುಂಕುಮ. ಲೆಕ್ಕ, ಕಂಪ್ಯೂಟರ್, ಓದಿ ಹೇಳುವ ಪರೀಕ್ಷೆ ಎಲ್ಲ ಚೆನ್ನಾಗಿಯೇ ಆಯಿತು. ಆಮೇಲೆ ದೀಪ್ತಿ ಪೆನ್ನು ಕೆಳಗಿಟ್ಟರು.

"ಕಳೆದ ಸಲದ ಪ್ರಶ್ನೆಯನ್ನೇ ಕೇಳುತ್ತೇನೆ. ನೀವು ಸೋಶಿಯಬಲ್ ವ್ಯಕ್ತಿಯೇ?"

ಶೈಲಾ ಬಾಯಿಪಾಠ ಮಾಡಿಕೊಂಡು ಬಂದಿದ್ದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಹೌದು ಮೇಡಂ, ನನಗೆ ಜನರೆಂದರೆ ಇಷ್ಟ, ನಾನು ಎಲ್ಲರ ಜೊತೆ ಬೆರೆಯುತ್ತೇನೆ. ಎಲ್ಲ ಸರಿಯಾದ ಪದಗಳೇ. ಅವು ಹೊರಗೆ ಬರಲೊಲ್ಲವು. ಅವಳು ಕಿಟಕಿಯ ಕಡೆ ನೋಡಿದಳು. ಕೆಳಗೆ ಗೇಟಿನ ಪಕ್ಕದ ಬೇವಿನ ನೆರಳಿನಲ್ಲಿ ಅವ್ವ ರೊಟ್ಟಿಯ ಗಂಟು ಬಿಚ್ಚಿದ್ದಳು. ಕೈ ಅಡ್ಡ ಹಿಡಿದಿದ್ದ ಸೆಕ್ಯೂರಿಟಿಯವನು ಟೋಪಿ ತೆಗೆದಿಟ್ಟು ಅಪ್ಪನ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದ.

"ನನಗೆ ಹೇಳಲು ಬರುವುದಿಲ್ಲ ಮೇಡಂ," ಎಂದಳು ಇಂಗ್ಲಿಷಿನಲ್ಲಿ. "ನಮ್ಮಲ್ಲಿ ಇದನ್ನು ಬೇರೆಯವರು ಹೇಳಬೇಕು. ಹೇಳುವವರು ಬಂದಿದ್ದಾರೆ. ಗೇಟಿನಲ್ಲಿ ಬಿಡಲಿಲ್ಲ."

ವೆಂಕಟೇಶ್ ಎದ್ದು ಕಿಟಕಿಗೆ ಹೋದರು. ರುಮಾಲು, ಇಳಕಲ್ ಸೀರೆ, ಖಾಕಿ ಅಂಗಿ, ಸಾಲಾಗಿ ಹರಡಿದ ರೊಟ್ಟಿ. ಅವರ ಹೆಗಲು ಅಲುಗತೊಡಗಿತು. ನಗುತ್ತಿದ್ದಾರೆಂದು ಶೈಲಾಗೆ ಆಮೇಲೆ ತಿಳಿಯಿತು.

"ದೀಪ್ತಿ, ಹೇಗೂ ಊಟದ ಹೊತ್ತು. ಕೆಳಗೆ ಹೋಗಿ ಕೇಳಿಯೇ ಬರೋಣ."

"ಸರ್, ಇದು ಇಂಟರ್‌ವ್ಯೂ," ಎಂದರು ದೀಪ್ತಿ.

"ಇಂಟರ್‌ವ್ಯೂನೇ. ಅವರು ಹೇಳಿದ್ದನ್ನೆಲ್ಲ ಈಕೆ ನಮಗೆ ಇಂಗ್ಲಿಷಿನಲ್ಲಿ ಹೇಳಲಿ. ಅದಕ್ಕಿಂತ ಪರೀಕ್ಷೆ ಬೇಕೆ?"

ಇಬ್ಬರು ಆಫೀಸರು ಬರುವುದನ್ನು ಕಂಡು ಸೆಕ್ಯೂರಿಟಿಯವನು ಬಾಯಲ್ಲಿದ್ದ ತುತ್ತು ನುಂಗಿ ಎದ್ದು ನಿಂತ. ಉಳಿದ ನಾಲ್ವರು ಏಳಲಿಲ್ಲ. ಬದಲಿಗೆ ಸರಿದು ಜಾಗ ಮಾಡಿದರು. ಗದಿಗೆಮ್ಮ ಎರಡು ರೊಟ್ಟಿಯ ಮೇಲೆ ಶೇಂಗಾ ಚಟ್ನಿ, ಮೊಸರು ಹಾಕಿ ಮುಂದೆ ಚಾಚಿದಳು. ವೆಂಕಟೇಶ್ ಪ್ಯಾಂಟು ಮೇಲೆಳೆದುಕೊಂಡು ಕಟ್ಟೆಯ ಮೇಲೆ ಕೂತೇಬಿಟ್ಟರು. ದೀಪ್ತಿ ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಪೆನ್ನು ಹಿಡಿದು ನಿಂತರು.

ಬೂದೆಪ್ಪ ಗಂಟಲು ಸರಿಮಾಡಿಕೊಂಡ. ಊರಿನ ಪಂಚಾಯ್ತಿಯಲ್ಲಿ ಹಿರಿಯರು ಹೇಗೆ ಶುರುಮಾಡುತ್ತಾರೆಂದು ಅವನಿಗೆ ಗೊತ್ತಿತ್ತು. ಮೊದಲು ಒಂದು ಕೊರತೆ ಹೇಳಬೇಕು. ಇಲ್ಲದಿದ್ದರೆ ಎದುರಿನವರು ಮುಂದಿನದನ್ನು ನಂಬುವುದಿಲ್ಲ.

"ಸಾಹೇಬ್ರ, ಮುಚ್ಚುಮರಿ ಬ್ಯಾಡ. ನನ್ನ ಮಗಳಿಗೆ ಮೂಗಿನ ತುದಿಗೇ ಸಿಟ್ಟು."

ಶೈಲಾ ಅಪ್ಪನನ್ನು ನುಂಗುವಂತೆ ನೋಡಿದಳು. ಫೋನಿನಲ್ಲಿ ಬೈಗುಳ ತಿನ್ನುವ ಕೆಲಸಕ್ಕೆ ಬಂದವಳ ಬಗ್ಗೆ ಹೇಳುವ ಮಾತೇ ಇದು! ಹನುಮಂತ ದೀಪ್ತಿಯ ಬೆನ್ನ ಹಿಂದಿನಿಂದ, ಬೇಡ ಬೇಡ ಎಂದು ಕಣ್ಣು ಮಿಟುಕಿಸಿದ. ಅವಳಿಗೆ ಬೇರೆ ಏನಾದರೂ ಹೇಳಿಬಿಡಬಹುದಿತ್ತು; ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅಪ್ಪನ ಮಾತನ್ನು ತಿರುಚಲು ಅವಳಿಂದ ಆಗಲಿಲ್ಲ.

"ನನಗೆ ಬೇಗ ಸಿಟ್ಟು ಬರುತ್ತದೆ ಎನ್ನುತ್ತಿದ್ದಾರೆ," ಎಂದಳು. ದೀಪ್ತಿ ಬರೆದುಕೊಂಡರು.

"ಇನ್ನ ನಾ ಹೇಳತೀನಿ," ಎಂದಳು ಗದಿಗೆಮ್ಮ. "ಇಕಿ ಮಂದಿ ಬೇಕನ್ನಾಕ್ರಿ. ಒಬ್ಬಾಕಿ ಕುಂತು ಉಣ್ಣೂದು ಇಕಿ ಹಣಿಯಾಗ ಬರದಿಲ್ಲ. ನೀರಿನ ಟ್ಯಾಂಕರ್ ಬಂದ್ರ ಓಣ್ಯಾಗ ಕೊಡಕ್ಕೆ ಕೊಡ ಬಡಿದು ಜಗಳ ಆಕ್ಕಾವ್ರಿ. ಇಕಿ ಹೋಗಿ ನಿಂತ್ರ ಸಾಕು, ಸಾಲು ತಾನ ಸರಿ ಆಕ್ಕೈತಿ. ಮೊದಲ ಬಸರಿ ಹೆಂಗಸರು, ಆಮ್ಯಾಲ ಮುದುಕರು, ಆಮ್ಯಾಲ ನಾವು."

ಟ್ಯಾಂಕರು, ಸಾಲು, ಬಸುರಿಯರು ಎಲ್ಲ ಇಂಗ್ಲಿಷಿಗೆ ಸಲೀಸಾಗಿ ಹೋದವು. 'ಮಂದಿ ಬೇಕನ್ನಾಕಿ' ಎಂಬಲ್ಲಿ ಶೈಲಾ ತಡೆದಳು. ವತ್ಸಲಾ ಮೇಡಂ ಎಳೆದು ತಂದಿದ್ದ ಬಳಗವೆಲ್ಲ ಕಣ್ಣ ಮುಂದೆ ಬಂದು ನಿಂತಿತು. ಸೋಶಿಯಲ್ ಅಲ್ಲ. ಫ್ರೆಂಡ್ಲಿ ಎಂದರೆ ಸಾಲದು. ಸೋಶಿಯಬಲ್ ಹತ್ತಿರ ಬಂತು, ಆದರೆ ಅದು ಪಾರ್ಟಿಗೆ ಹೋಗುವವರ ಮಾತಿನಂತಿತ್ತು. ಅವ್ವ ಹೇಳಿದ್ದು ಅನ್ನದ ಮಾತು.

"ನನಗೆ ಜನ ಬೇಕು ಎನ್ನುತ್ತಾರೆ. ಹಸಿವಾದರೆ ಊಟ ಬೇಕಾಗುತ್ತದಲ್ಲ, ಹಾಗೆ," ಎಂದಳು. "ಇದಕ್ಕೆ ಸರಿಯಾದ ಒಂದು ಪದ ನನಗೆ ಗೊತ್ತಿಲ್ಲ ಮೇಡಂ."

"ಪರವಾಗಿಲ್ಲ," ಎಂದರು ದೀಪ್ತಿ. ಅವರೂ ಕಟ್ಟೆಯ ತುದಿಯಲ್ಲಿ ಕೂತಿದ್ದರು.

ಹನುಮಂತನ ಸರದಿ ಬಂತು. ಅವನು ವೆಂಕಟೇಶ್ ಅವರಿಗೆ ತೆಲುಗಿನಲ್ಲೇ ಒಪ್ಪಿಸಿದ: ನನಗೆ ಈ ಹುಡುಗಿಯ ಪರಿಚಯವಾದದ್ದು ಸನತ್‌ನಗರದಿಂದ ಇಲ್ಲಿಗೆ ಬರುವಷ್ಟರಲ್ಲಿ. ನನ್ನ ಚಿಕ್ಕ ಮಗಳು ಏನು ತಿನ್ನುತ್ತಾಳೆ, ಏನು ಬಿಡುತ್ತಾಳೆ ಎಂಬುದು ನನ್ನ ತಮ್ಮನಿಗೂ ಗೊತ್ತಿಲ್ಲ, ಈಕೆಗೆ ಗೊತ್ತು. ಇಷ್ಟು ಹೇಳಿ ಅವನು ಇನ್ನೊಂದು ರೊಟ್ಟಿಗೆ ಕೈಚಾಚಿದ.

ತಾಯಪ್ಪ ಕೊನೆಯವನಾಗಿ ಉಳಿದದ್ದು ಬೇಕೆಂದೇ. ದೊಡ್ಡ ಮಾತು ಅವನ ಬಳಿ ಇತ್ತು.

"ಸಾಹೇಬ್ರ, ನಾನೂ ನಮ್ಮ ಭಾವನೂ ಎದುರಾ ಬದುರು ಮನ್ಯಾಗ ಇರಾವ್ರು. ಎರಡು ವರ್ಸ ಮಾತು ಬಿಟ್ಟಿದ್ವಿ. ಯಾಕಂದ್ರ ಇಕಿ ತಮ್ಮನ ಜವಳ. ಮೊದಲ ಕೂದಲಕ್ಕ ಕತ್ತರಿ ಹಾಕಾಂವ ಯಾರು? ಸ್ವಾದರಮಾವ. ನಾ ಬೆಳ್ಳಿ ಕತ್ತರಿ ಮಾಡಿಸಿಕೊಂಡು ಬರೂದ್ರಾಗ ಹುಡುಗನ ತಲಿ ನುಣ್ಣಗ ಆಗಿತ್ತು!"

"ಹೊತ್ತು ಮೀರಿತ್ತೋ ಮಾರಾಯ!" ಎಂದ ಬೂದೆಪ್ಪ.

ಶೈಲಾ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದಾಗ ದೀಪ್ತಿ ಹುಬ್ಬೇರಿಸಿದರು. "ಕೂದಲು ಕತ್ತರಿಸಿದ್ದಕ್ಕೆ ಎರಡು ವರ್ಷ ಮಾತು ಬಿಟ್ಟರೆ?"

ವೆಂಕಟೇಶ್ ಮಾತ್ರ ರೊಟ್ಟಿ ಕೆಳಗಿಟ್ಟಿದ್ದರು. "ಸೋದರಮಾವ ಬರುವ ಮೊದಲೇ ತೆಗೆಸಿಬಿಟ್ಟರೆ? ಅದು ತಪ್ಪಲ್ಲವೆ ದೀಪ್ತಿ?" ಎಂದರು ಬಹಳ ಗಂಭೀರವಾಗಿ. ಅದನ್ನು ಶೈಲಾ ಕನ್ನಡಕ್ಕೆ ತಂದಾಗ ತಾಯಪ್ಪನ ರುಮಾಲು ಒಂದು ಅಂಗುಲ ಮೇಲೇರಿತು.

"ಹೂಂ, ನೋಡ್ರಿ! ಆಮ್ಯಾಲ ಹೆಂಗ ಮಾತು ಬಂತು ಅಂದ್ರ, ಇಕಿ ದೆಸಿಂದ. ಆಗ ಇಕಿ ಇಷ್ಟುದ್ದ ಇದ್ಲು. ಒಂದಿನ ತಾಟಿನಾಗ ಹೋಳಿಗಿ ಹಿಡಕೊಂಡು ಬಂದ್ಲು. ಮಾವ, ಅಪ್ಪ ಕಳಿಸ್ಯಾನ ಅಂದ್ಲು. ನಂಗ ಕಣ್ಣಾಗ ನೀರು ಬಂತ್ರಿ. ಸಿಟ್ಟಿನಾಗೂ ಭಾವಗ ನನ್ನ ನೆನಪು ಐತೆಲ್ಲ ಅಂತ. ಪಂಚಮಿಗಿ ಉಂಡಿ ಕಳಿಸಿದ. ಸಂಕ್ರಾಂತಿಗಿ ಮಾದ್ಲಿ ಕಳಿಸಿದ. ಕಡೀಕ ನಾ ಸೋತೆ. ಯುಗಾದಿ ದಿನ ನಾನ ಹೋಗಿ, ಭಾವ, ಹೆಂಗದೀ ಅಂದೆ."

ಬೂದೆಪ್ಪ ತುತ್ತು ಕೈಯಲ್ಲೇ ಹಿಡಿದು ಅವನನ್ನೇ ನೋಡುತ್ತಿದ್ದ. "ನಾ ಎಲ್ಲಿ ಕಳಿಸಿದ್ನೋ? ಕಳಿಸಿದಾವ ನೀನು! ಮಾವ ಕಳಿಸ್ಯಾನ ಅಂತ ಇಕಿ ನನಗ ಕರಚಿಕಾಯಿ, ಚಕ್ಕುಲಿ ತಂದು ಕೊಡ್ತಿದ್ಲಲ್ಲ. ಅದಕ್ಕ ನೀ ಬಂದಾಗ ಎದ್ದು ಅಪ್ಪಿಕೊಂಡೆ ನಾನು."

"ನಾ ಕಳಿಸಿಲ್ಲಪ."

"ನಾನೂ ಕಳಿಸಿಲ್ಲ."

ಎಲ್ಲರೂ ಶೈಲಾಳನ್ನು ನೋಡಿದರು. ಕನ್ನಡ ಬಾರದ ದೀಪ್ತಿಗೂ ಏನೋ ನಡೆಯಿತೆಂದು ಗೊತ್ತಾಗಿತ್ತು. "ಏನಂದರು? ಹೇಳಿ," ಎಂದರು.

ಶೈಲಾಳ ಮುಖ ಕೆಂಪಾಗಿತ್ತು. ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಅವಳು ಈಗ ಕನ್ನಡದಲ್ಲಿ ಹೇಳಲಾರದೆ ಇಂಗ್ಲಿಷಿನಲ್ಲಿ ಹೇಳಿದಳು. ಇಬ್ಬರೂ ಏನನ್ನೂ ಕಳಿಸಿರಲಿಲ್ಲ ಮೇಡಂ. ನಮ್ಮ ಮನೆಯಲ್ಲಿ ನನ್ನ ಪಾಲಿಗೆ ಬಂದದ್ದನ್ನು ಮಾವನಿಗೆ ಕೊಡುತ್ತಿದ್ದೆ. ಮಾವನ ಮನೆಯಲ್ಲಿ ಅತ್ತೆ ನನಗೆ ತಿನ್ನಲು ಕೊಟ್ಟದ್ದನ್ನು ಅಪ್ಪನಿಗೆ ತಂದುಕೊಡುತ್ತಿದ್ದೆ. ಇಬ್ಬರಿಗೂ ಸುಳ್ಳು ಹೇಳಿದೆ. ಮಾವ ಮನೆಗೆ ಬರದಿದ್ದರೆ ನನಗೆ ಹಬ್ಬ ಎನಿಸುತ್ತಿರಲಿಲ್ಲ.

ಇದೇ ಮಾತನ್ನು ಅವಳು ಮತ್ತೆ ಕನ್ನಡದಲ್ಲಿ ಹೇಳಬೇಕಾಯಿತು.

"ಅಯ್ಯ ನನ್ನವ್ವ!" ಗದಿಗೆಮ್ಮ ಸೆರಗು ಬಾಯಿಗೆ ಹಿಡಿದಳು. "ಇಷ್ಟು ತಿಂತಾಳ, ಮೈ ಹತ್ತವಲ್ದಲ್ಲ, ಹೊಟ್ಟ್ಯಾಗ ಹುಳ ಆಗ್ಯಾವು ಅಂತ ನಾ ಇಕಿಗಿ ಹುಳದ ಔಷಧ ಕುಡಿಸಿದ್ನೆಲ್ಲರಿ!"

ಅದನ್ನು ಇಂಗ್ಲಿಷಿಗೆ ತರುವುದಿಲ್ಲವೆಂದು ಶೈಲಾ ಹಟ ಹಿಡಿದಳು. ಹನುಮಂತ ತೆಲುಗಿಗೆ ತಂದೇಬಿಟ್ಟ. ವೆಂಕಟೇಶ್ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಸೆಕ್ಯೂರಿಟಿಯವನು ಟೋಪಿಯಿಂದ ಮುಖ ಮುಚ್ಚಿಕೊಂಡ. ದೀಪ್ತಿ ಕಾಗದ ಮಡಚಿಟ್ಟು ಒಂದೇ ಒಂದು ಪ್ರಶ್ನೆ ಕೇಳಿದರು.

"ಆ ಹೋಳಿಗೆ ತಿನ್ನಬೇಕು ಅನಿಸಲಿಲ್ಲವೆ?"

"ಅನಿಸಿತ್ತು ಮೇಡಂ. ಒಂದು ತುದಿ ಮುರಿದು ತಿಂದಿದ್ದೆ."

ಮಧ್ಯಾಹ್ನ ಇನ್ನೊಂದು ಫೋನಿನ ಪರೀಕ್ಷೆ ಇತ್ತು. ಅಮೆರಿಕದ ಗಿರಾಕಿಯಂತೆ ನಟಿಸಿದ ಒಬ್ಬ ಹುಡುಗ ಅವಳನ್ನು ಚೆನ್ನಾಗಿ ಬೈದ. ಮೂಗಿನ ತುದಿಯ ಸಿಟ್ಟು ಬರಲಿಲ್ಲ. ಅವಳಿಗೆ ಅವತ್ತು ಸಿಟ್ಟಾಗುವುದು ಸಾಧ್ಯವೇ ಇರಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ನೇಮಕದ ಕಾಗದ ಹಿಡಿದು ಗೇಟಿಗೆ ಓಡಿ ಬಂದಳು. ಸೆಕ್ಯೂರಿಟಿಯವನು ಅವಳಿಗೆ ಸಲಾಮು ಹೊಡೆದ. ಗದಿಗೆಮ್ಮ ಮಗಳ ಮುಖ ನೀವಿ ಬೆರಳು ಲಟಲಟ ಮುರಿದಳು. ಹನುಮಂತ ಆ ಖುಷಿಗೆ ಸುಮ್ಮನೆ ಹಾರ್ನ್ ಒತ್ತುತ್ತಲೇ ಇದ್ದ.

ಅಪ್ಪ ಮತ್ತು ಮಾವ ಮಾತ್ರ ತಣ್ಣಗಿದ್ದರು. ಬೂದೆಪ್ಪ ಮಗಳ ತಲೆಯ ಮೇಲೆ ಕೈಯಿಟ್ಟ, ತಾಯಪ್ಪನೂ ಇಟ್ಟ. ಆದರೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆಟೋ ಕೂಕಟ್‌ಪಲ್ಲಿ ದಾಟಿತು.

"ಹಂಗಾದ್ರ ನೀ ಎಂದೂ ಕಳಿಸ ಇಲ್ಲ," ಎಂದ ತಾಯಪ್ಪ ಕೊನೆಗೆ, ಹಿಂದಿನ ಸೀಟಿನಿಂದ.

"ನೀ ಕಳಿಸಿದ್ದೇನು?"

"ಮತ್ತ ನಮ್ಮ ಜಗಳ ಇನ್ನೂ ಮುಗದಿಲ್ಲ ಅಂದಂಗಾತು."

ಗದಿಗೆಮ್ಮ ಕಿಸಕ್ಕನೆ ನಕ್ಕಳು. ಶೈಲಾ ನಗಲಿಲ್ಲ. ಮಡಿಲಲ್ಲಿದ್ದ ಕಾಗದ ಎಷ್ಟು ಬೇಕಾಗಿತ್ತೋ ಅಷ್ಟೇ ಬೇಡವಾಗಿ, ಆ ಮರದ ಕೆಳಗೆ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು ಎನಿಸಿತು. ಓಣಿಯ ಬಾಯಲ್ಲಿ ಇಳಿದವರೇ ಒಬ್ಬನು ಎಡಕ್ಕೆ, ಒಬ್ಬನು ಬಲಕ್ಕೆ ತಂತಮ್ಮ ಮನೆ ಹೊಕ್ಕರು. ಎದುರು ಮನೆಯ ಅತ್ತೆ ಶರಣಬಸಮ್ಮ ಮಾತ್ರ ಸುದ್ದಿ ಕೇಳಿ ಬಾಗಿಲಿಗೆ ಬಂದು ಶೈಲಾಳ ಗಲ್ಲ ಹಿಂಡಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಆ ಮನೆಯಿಂದ ರವೆ ಹುರಿಯುವ ಘಮ ಬಂತು.

ದೀಪ ಹಚ್ಚುವ ಹೊತ್ತು. ಗದಿಗೆಮ್ಮ ನೀರಿಗೆ ಹೋಗಿದ್ದಳು. ಶೈಲಾ ಹೊರಗಿನ ಕಟ್ಟೆಯ ಮೇಲೆ ಕೂತಿದ್ದಾಗ ಎದುರಿನ ಬಾಗಿಲು ತೆರೆಯಿತು. ತಾಯಪ್ಪ ಹೊರಬಂದ. ತಲೆಯ ಮೇಲೆ ರುಮಾಲಿರಲಿಲ್ಲ. ಕೈಯಲ್ಲಿ ತಾಟು, ಅದರ ಮೇಲೆ ಮುಚ್ಚಿದ ಬಟ್ಟೆ. ಜನ್ಮದಲ್ಲಿ ತಾಟು ಹೊತ್ತು ಗೊತ್ತಿಲ್ಲದ ಆ ಮನುಷ್ಯ, ಹಸಿ ಗಾರೆಯ ಮೇಲೆ ಕಾಲಿಡುವಂತೆ ನೋಡಿ ನೋಡಿ ಹೆಜ್ಜೆ ಹಾಕುತ್ತಿದ್ದ. ಶೈಲಾ ಇಸಿದುಕೊಳ್ಳಲು ಕೈ ನೀಡಿದಳು. ಅವನು ಕೊಡಲಿಲ್ಲ. ಅವಳನ್ನು ದಾಟಿ ಹೊಸ್ತಿಲ ಬಳಿ ನಿಂತ.

"ಭಾವ!"

ಬೂದೆಪ್ಪ ಬಾಗಿಲಿಗೆ ಬಂದ.

"ಶಿರಾ. ಬಿಸಿ ಐತಿ," ಎಂದ ತಾಯಪ್ಪ. "ಇದು ಕಳಿಸಿದ್ದಲ್ಲ. ನಾನ ತಂದಿದ್ದು."

ಬೂದೆಪ್ಪ ಎರಡೂ ಕೈಯಲ್ಲಿ ತಾಟು ಇಸಿದುಕೊಂಡ. ಒಳಗೆ ಹೋಗಿ ಶಿರಾವನ್ನು ಬೋಗುಣಿಗೆ ಸುರಿದ ಸದ್ದಾಯಿತು. ಖಾಲಿ ತಾಟು ಹಿಂದಕ್ಕೆ ಕೊಡುವಂತಿಲ್ಲ. ಒಂದು ಚಿಟಿಕೆ ಸಕ್ಕರೆಯಾದರೂ ಇರಬೇಕು. ಹೆಂಡತಿ ಮನೆಯಲ್ಲಿಲ್ಲ. ಒಂದು ಡಬ್ಬಿಯ ಮುಚ್ಚಳ ತೆರೆದು ಮುಚ್ಚಿತು, ಇನ್ನೊಂದು ತೆರೆಯಿತು. ಖಾರದ ಪುಡಿಯ ಡಬ್ಬಿಯಿರಬೇಕು, ಬೂದೆಪ್ಪ ಗಟ್ಟಿಯಾಗಿ ಸೀನಿದ.

"ಏನ್ ಹುಡುಕಾಕತ್ತೀಯೋ ಭಾವ?" ಎಂದು ತಾಯಪ್ಪ ಹೊರಗಿನಿಂದ ಕೇಳಿದ.

"ನಿಂದ್ರೋ! ಹೋಗಬ್ಯಾಡ! ಬಂದ್ನಿ!"

ಮತ್ತೆ ಸೀನು, ಮತ್ತೊಂದು ಮುಚ್ಚಳ. ಸಕ್ಕರೆ ಇದ್ದದ್ದು ಗಡಿಯಾರದ ಕೆಳಗಿನ ಗೂಡಿನಲ್ಲಿ, ಹಾಲಿನ ಪುಡಿಯ ಹಳೆಯ ಡಬ್ಬಿಯೊಳಗೆ. ಅದು ಶೈಲಾಗೆ ಗೊತ್ತಿತ್ತು. ಅವಳು ಕಟ್ಟೆಯಿಂದ ಏಳಲಿಲ್ಲ, ಹೇಳಲೂ ಇಲ್ಲ.